ಮೇ ತಿಂಗಳಲ್ಲಿ ಬಂದ ಅವರೆಯ ಸೊಗಡು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ನಮ್ಮ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನರ್ಸ್‌ಗಳು ತಮಗಾದ ವಿಚಿತ್ರಗಳನ್ನು ಹೇಳಿಕೊಳ್ಳುವಾಗ, ಸರಿಯಾಗಿ ಊಟ ಮಾಡ್ರಮ್ಮ ಎಂದು ರೇಗಿಸುತ್ತಿದ್ದ ಡಾಕ್ಟರು ನಾನೇ. ಈಗ ನೀವು ನಗಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊರೊನಾ ಬಂದುಹೋದ ಮೇಲೆ ನನ್ನ ಮೂಗು ಸತ್ತಿದೆ. ಕಾಫಿಯೂ ಅಷ್ಟೇ, ಮಲ್ಲಿಗೆಯೂ ಅಷ್ಟೇ, ವಾರ್ಡಿನ ಫಿನಾಯಿಲೂ ಅಷ್ಟೇ.

ಒಂದು ಮೇ ತಿಂಗಳಲ್ಲಿ ಅಟ್ಟೂರಿನ ಜಯಮ್ಮ ಎಂಬಾಕೆಯನ್ನು ಹೆಬ್ಬಾಳದ ನಮ್ಮ ಆಸ್ಪತ್ರೆಗೆ ಸೇರಿಸಿದರು. ಜ್ವರ, ತಲೆನೋವು, ಸ್ವಲ್ಪ ಮಂಕು. ಹರ್ಪಿಸ್ ವೈರಸ್ ಮಿದುಳಿಗೆ ಹತ್ತಿರಬಹುದೇ ಎಂಬ ಸಣ್ಣ ಅನುಮಾನದಿಂದ ಔಷಧಿ ಶುರುಮಾಡಿ, ಬೆನ್ನಿನಿಂದ ನೀರು ತೆಗೆದೆವು. ಸ್ಕ್ಯಾನ್ ಚೆನ್ನಾಗಿತ್ತು. ನೀರಿನಲ್ಲಿ ಸೋಂಕು ತೋರಿಸುವ ಬಿಳಿ ಕಣಗಳೂ ಇರಲಿಲ್ಲ. ಹಾಗಿದ್ದಾಗ, ಬೇರೆ ಬಲವಾದ ಲಕ್ಷಣವಿಲ್ಲದಿದ್ದರೆ, ಆ ನೀರನ್ನು ಹರ್ಪಿಸ್ ಪರೀಕ್ಷೆಗೆ ಕಳಿಸುವುದಿಲ್ಲ. ಸುಮ್ಮಸುಮ್ಮನೆ ಎಲ್ಲರದನ್ನೂ ಕಳಿಸಬೇಡಿ ಎಂದು ಜೂನಿಯರ್‌ಗಳನ್ನು ಗದರಿಸುವವಳೂ ನಾನೇ. ಮೂತ್ರಪಿಂಡಕ್ಕೆ ಭಾರವಾಗುವ ಆ ಔಷಧಿಯನ್ನೂ ನಿಲ್ಲಿಸಬೇಕು. ಆದರೆ ಸೋಂಕು ನಿಜವಾಗಿಯೂ ಇದ್ದು ನಾವು ನಿಲ್ಲಿಸಿಬಿಟ್ಟರೆ, ಆಕೆ ಉಳಿಯುವುದೇ ಕಷ್ಟ. ಉಳಿದರೂ ಗಂಡನ ಗುರುತು ಸಿಗುತ್ತದೆಂದು ಹೇಳಲಾಗದು.

ನಿಲ್ಲಿಸುವುದೆಂದು ತೀರ್ಮಾನಿಸಿ, ಅದನ್ನು ಹೇಳಲು ಮಧ್ಯಾಹ್ನ ಆಕೆಯ ಕೋಣೆಗೆ ಹೋದೆ. ಹಸಿರು ಪರದೆಯಿಂದ ಸೋಸಿ ಬಂದ ಬಿಸಿಲು ಗೋಡೆಯ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು. ಜಯಮ್ಮ ಅರೆಗಣ್ಣು ಬಿಟ್ಟು ಅದನ್ನೇ ನೋಡುತ್ತಿದ್ದರು. ಒಳಗೆ ಕಾಲಿಟ್ಟೆ, ಏನೋ ವಾಸನೆ ಬಂತು. ವಾಸನೆ ಎಂದರೆ ಹೀಗಿರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಅವರೇಕಾಯಿ! ಇಬ್ಬನಿಯಲ್ಲಿ ನೆಂದ ಹಸಿ ಅವರೆಯ ಸೊಗಡು. ಚಳಿಗಾಲದಲ್ಲಿ ಅಮ್ಮ ಕಾಯಿ ಸುಲಿದು ಅದೇ ಕೈಯಲ್ಲಿ ನನ್ನ ಕೆನ್ನೆ ಸವರುತ್ತಿದ್ದಳು. ಎಷ್ಟು ಹೊತ್ತು ನಿಂತೆನೋ, ಕಣ್ಣು ತುಂಬಿಬಂತು. ಬಂದ ಕೆಲಸವೇ ಮರೆತುಹೋಯಿತು.

"ಯಾರಾದ್ರೂ ಅವರೇಕಾಯಿ ತಂದಿದ್ದೀರಾ?" ಎಂದು ಕೇಳಿದೆ.

ಜಯಮ್ಮನ ಗಂಡ ಮುನಿರಾಜಪ್ಪ ಕುರ್ಚಿಯಿಂದ ಎದ್ದುಬಿಟ್ಟರು. "ಈ ಬೇಸ್ಗೇಲಿ ಎಲ್ಲಿಂದ ತರಾನ ಮೇಡಂ? ನೆನ್ನೆಯಿಂದ ಇವ್ಳೂ ಅದೇ ಅಂತಾವ್ಳೆ, ಸೊಗಡು ಬತ್ತೈತೆ ಅಂತ. ಅವರೆ ಆಕ್ತಿದ್ದ ಒಲಾನ ಸೈಟ್ ಮಾಡ್ದೊ ನೋಡಿ, ಮನೆದೇವ್ರು ಮುನಿಸ್ಕೊಂಡೈತೆ ಅನ್ಕಂಡೆ. ದೇವ್ರ ಸಮಾಚಾರ ಡಾಕ್ಟ್ರತ್ರ ಯಾಕೆ ಅಂತ ಏಳ್ಲಿಲ್ಲ."

ಇಲ್ಲದ ವಾಸನೆ ಬರುವುದು ಮಿದುಳಿನ ಒಂದು ಭಾಗ ಕೆರಳಿದ್ದರ ಗುರುತು. ಹರ್ಪಿಸ್ ಮೊದಲು ಹಿಡಿಯುವುದು ಅದೇ ಭಾಗವನ್ನು. ಓಡಿಹೋಗಿ ಲ್ಯಾಬಿಗೆ ಫೋನ್ ಮಾಡಿದೆ. ಉಳಿದ ನೀರನ್ನು ಇನ್ನೂ ಚೆಲ್ಲಿರಲಿಲ್ಲ, ಪರೀಕ್ಷೆಗೆ ಕಳಿಸಿದೆ. ಔಷಧಿ ಮುಂದುವರಿಸಿದೆ. ಹರ್ಪಿಸ್ ಇತ್ತು. ಕಾಯಿಲೆಯ ಶುರುವಿನಲ್ಲಿ ಒಮ್ಮೊಮ್ಮೆ ಬಿಳಿ ಕಣಗಳು ಕಾಣುವುದಿಲ್ಲ. ಜಯಮ್ಮ ವಾಸಿಯಾಗಿ, ಗಂಡನನ್ನು ಬೈಯುತ್ತಲೇ ನಡೆದುಕೊಂಡು ಮನೆಗೆ ಹೋದರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆಕೆಯ ಮೂಗಿಗೆ ಬಂದ ವಾಸನೆಗೆ ಪುಸ್ತಕದಲ್ಲಿ ಕಾರಣವಿದೆ. ನನ್ನ ಮೂಗಿಗೆ? ಹುಡುಕಿ ಸಾಕಾಗಿದೆ. ಆಮೇಲೆ ಅದು ಮತ್ತೆ ಸತ್ತಿತು.

ಈಗಲೂ ಚಳಿಗಾಲ ಬಂದರೆ ಜಯಮ್ಮ ಒಂದು ಚೀಲ ಅವರೇಕಾಯಿ ಹಿಡಿದು ಬರುತ್ತಾರೆ. ಆ ದಿನಗಳು ಆಕೆಗೆ ಒಂದೂ ನೆನಪಿಲ್ಲ.

"ಸೊಗಡು ಎಂಗೈತೆ ನೋಡಿ ಮೇಡಂ" ಎನ್ನುತ್ತಾರೆ.

ನಾನು ಬೊಗಸೆ ತುಂಬ ಕಾಯಿ ಎತ್ತಿ ಮುಖಕ್ಕೆ ಒತ್ತಿಕೊಂಡು ಉಸಿರೆಳೆಯುತ್ತೇನೆ. ಏನೂ ಬರುವುದಿಲ್ಲ.

"ಚೆನ್ನಾಗಿದೆ ಜಯಮ್ಮ" ಎನ್ನುತ್ತೇನೆ.