ಹೆಡೆಯೋ ಕುತ್ತಿಗೆಯೋ

ಅರಳೆಯ ಎಳೆಯನ್ನು ಬೆರಳಲ್ಲಿ ಜಗ್ಗಿ ನೋಡಿ, ಇದು ಕರಿನೆಲದ್ದೋ ಕೆಂಪುನೆಲದ್ದೋ ಎಂದು ಹೇಳುವುದು ಆದವಾನಿಯಲ್ಲಿ ನಮ್ಮ ಮನೆತನದ ಕಸುಬು. ಆ ಜಂಬ ನನಗೂ ಇತ್ತು. ಆದರೆ ಮಾರು ದೂರದಲ್ಲಿ ಕಂಡು, ಕೈಯಾರೆ ಹೊಡೆದು ಕೊಂದ ಹಾವು ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಎರಡನೇ ಮಹಾಯುದ್ಧದ ಕಾಲ. ಹೆಂಡತಿಯ ಅಣ್ಣ ದೇವನಕೊಂಡದಿಂದ ಬಂದಿದ್ದ. ಅವನ ಹತ್ತಿರ ಒಂದು ಡಬ್ಬಿ ಕ್ಯಾಮರಾ, ಅದರೊಳಗೆ ಇನ್ನೊಂದೇ ಒಂದು ಫೋಟೋಕ್ಕಾಗುವಷ್ಟು ಫಿಲಂ. ಮತ್ತೆ ಫಿಲಂ ಸಿಗುವ ಮಾತಿರಲಿಲ್ಲ, ಹಾಗಾಗಿ ಜತನವಾಗಿ ಕಾಯ್ದಿಟ್ಟಿದ್ದ. ಇಬ್ಬರೂ ಮಾಧವರಂ ಹತ್ತಿರ ಹೊಳೆಗೆ ಸ್ನಾನಕ್ಕೆ ಹೋದೆವು. ನೀರಂಚಿನ ಬಂಡೆಯ ಮೇಲಿದ್ದ ಹಾವೊಂದು ನನ್ನನ್ನು ಕಂಡು ತಲೆ ಎತ್ತಿ, ಕುತ್ತಿಗೆ ಅಗಲಿಸಿ ನಿಂತಿತು. ನಾನು ಕೋಲು ಎತ್ತಿದೆ. ಹಿಂದಿನಿಂದ ಅವನು, ಅಲುಗಬೇಡಿ, ಇತ್ತ ನೋಡಿ ನಗಿ ಎಂದ. ಕ್ಯಾಮರಾ ಟಿಕ್ ಎಂದಿತು. ಕೋಲು ಇಳಿಯಿತು. ಹಾವು ಹೊರಳಿ ನೀರಿಗೆ ಬಿದ್ದು ಹೊಳೆಯ ಪಾಲಾಯಿತು.

ಮನೆಗೆ ಬಂದು ಹೇಳಿದ್ದೇ ತಪ್ಪಾಯಿತು. ಹೆಂಡತಿಗೆ ಆಗ ಏಳು ತಿಂಗಳು. ಅವ್ವ ತಲೆಯ ಮೇಲೆ ಕೈಹೊತ್ತು ಕುಂತಳು. ನಾವು ಹೆಣ ಹೂಳುವ ಮಂದಿ. ಆದರೂ ನಾಗರಹಾವನ್ನು ಕೊಂದರೆ ಸುಡಬೇಕು. ಹಾವು ಕೈಗೆ ಸಿಗದಿದ್ದರೆ ಹಿಟ್ಟಿನ ಹಾವು ಮಾಡಿ ಸುಡಬೇಕು, ಕೊಂದವನು ತಲೆ ಬೋಳಿಸಿಕೊಳ್ಳಬೇಕು. ಇಲ್ಲದಿದ್ದರೆ ಕೂಸಿಗೆ ದೋಷ. ಸರಿ, ಸುಟ್ಟುಬಿಡೋಣ ಎಂದರೆ, ಬಸುರಿಯ ಗಂಡ ಕ್ಷೌರ ಮಾಡಿಸುವಂತಿಲ್ಲ, ಚಿತೆಗೆ ಬೆಂಕಿ ಇಡುವಂತಿಲ್ಲ. ಇಟ್ಟರೆ ಅದೂ ಕೂಸಿಗೇ ಕೇಡು. ನಾಗರವಾಗಿದ್ದರೆ ಆ ಕೇಡಿಗಿಂತ ದೋಷವೇ ದೊಡ್ಡದು, ಸುಡಲೇಬೇಕು. ಬರೀ ನೀರಹಾವಾಗಿದ್ದರೆ ಸುಡಲೇಬಾರದು. ನನಗೋ ಅದರ ಬಣ್ಣವೂ ನೆನಪಿಲ್ಲ, ಉದ್ದವೂ ನೆನಪಿಲ್ಲ. ಫೋಟೋ ಬರಲಿ, ಅದನ್ನು ನೋಡಿಯೇ ತೀರ್ಮಾನ ಎಂದು ಅವ್ವ ಹೇಳಿದಳು. ಹೆಂಡತಿ ಅಂದಿನಿಂದ ಸರಿಯಾಗಿ ಉಣ್ಣಲಿಲ್ಲ.

ಮೂರು ವಾರಕ್ಕೆ ಸ್ಟುಡಿಯೋದಿಂದ ಫೋಟೋ ಬಂತು. ಅದರಲ್ಲಿ ಬಂಡೆ ದೊಡ್ಡದು, ನಾನು ಅದಕ್ಕಿಂತ ಸಣ್ಣವನು, ಹಾವು ಉಗುರಿನಷ್ಟು. ಅವ್ವ ನೋಡಿದವಳೇ ಹೆಡೆ ಎಂದಳು. ನಮ್ಮಲ್ಲಿಗೆ ಬರುವ ಅರಳೆ ದಲಾಲಿ, ಅದು ಹೆಡೆಯಲ್ಲ, ನೀರಹಾವೂ ಸಿಟ್ಟು ಬಂದಾಗ ಕುತ್ತಿಗೆ ಹಾಗೇ ಅಗಲಿಸುತ್ತದೆ ಎಂದ. ಅವ್ವನ ಮಾತು ಕೇಳಿ ನೋಡಿದರೆ ಹೆಡೆ, ದಲಾಲಿಯ ಮಾತು ಕೇಳಿ ನೋಡಿದರೆ ಕುತ್ತಿಗೆ. ನನ್ನ ಕಣ್ಣಿನ ಮೇಲೆ ನನಗೇ ಸಿಟ್ಟು ಬಂತು.

ಹೊಳೆಯಲ್ಲೇ ಬದುಕುವವನನ್ನು ಕೇಳೋಣವೆಂದು ಮಾಧವರಂಗೆ ಹೋಗಿ ಒಬ್ಬ ಮುದುಕ ಬೆಸ್ತನನ್ನು ಹಿಡಿದೆ. ಅವನು ಫೋಟೋ ಕೈಯಲ್ಲಿ ಹಿಡಿದದ್ದು ಅದೇ ಮೊದಲು. ತಲೆಕೆಳಗು ಮಾಡಿದ, ಹಿಂದೆ ತಿರುಗಿಸಿದ. ನಾನು ಬೆರಳಿಟ್ಟು ತೋರಿಸುವ ತನಕ ಅವನಿಗೆ ಹಾವು ಕಾಣಲೇ ಇಲ್ಲ.

"ನೀರಹಾವಿಗೆ ಮೈಮ್ಯಾಲ ಚೌಕಳಿ ಇರ್ತಾವ, ಇದಕ್ಕ ಇತ್ತೇನ್ರಿ ಸ್ವಾಮಿ? ಈ ಕಾಗದದಾಗ ರಂಗೇ ಇಲ್ಲ. ಹೊಡಿಯಾಕ ಅಷ್ಟು ಹತ್ತಿರ ಹೋಗೀರಿ, ನೀವು ನೋಡ್ಲಿಲ್ಲೇನು?"

ನೋಡಿರಲಿಲ್ಲ. ಬಂದ ದಾರಿಗೆ ಸುಂಕವಿಲ್ಲವೆಂದು ಮನೆಗೆ ಮರಳಿದೆ.

ಬಸುರಿ ಹಾವನ್ನು ನೋಡಬಾರದು, ಅದರ ಚಿತ್ರವನ್ನೂ ನೋಡಬಾರದು ಎಂದು ಅವ್ವ ಆವರೆಗೆ ಫೋಟೋವನ್ನು ಹೆಂಡತಿಯ ಕಣ್ಣಿಗೆ ಬೀಳಗೊಟ್ಟಿರಲಿಲ್ಲ. ಆ ಸಂಜೆ ಆಕೆ ನನ್ನ ಕೋಟಿನ ಜೇಬಿನಿಂದ ತಾನೇ ತೆಗೆದು, ಪಡಸಾಲೆಯ ಬೆಳಕಿಗೆ ಹಿಡಿದು ನೋಡಿದಳು. ಯಾವ ಹಾವು ಎನ್ನಿಸುತ್ತದೆ ಎಂದು ಕೇಳಿದೆ. ಆಕೆ ಹಾವಿನ ಕಡೆ ನೋಡುತ್ತಲೇ ಇರಲಿಲ್ಲ.

"ನಗಾಕತ್ತೀರಿ," ಎಂದಳು.

ಹೌದು, ಕೋಲು ಎತ್ತಿಕೊಂಡು ಹಲ್ಲು ಕಿರಿದು ನಿಂತಿದ್ದೆ. ಇಷ್ಟು ಜನ ನೋಡಿದರೂ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ನನಗೂ ಬಿದ್ದಿರಲಿಲ್ಲ. ನಿಮ್ಮಣ್ಣ ಹೇಳಿದ್ದಕ್ಕೆ ನಕ್ಕೆ, ಇಲ್ಲದಿದ್ದರೆ ನಾನ್ಯಾಕೆ ನಗಲಿ ಎಂದೆ.

"ನಮ್ಮಣ್ಣ ನಗ್ರಿ ಅಂದಾನ. ಹೊಡೀರಿ ಅಂದಿದ್ದಿಲ್ಲ. ಅದು ನಿಮ್ಮ ಮ್ಯಾಲೇನು ಬಂದಿತ್ತೇನ್ರಿ?"

ಬಂದಿರಲಿಲ್ಲ. ಹಾಗಾದರೆ ಯಾಕೆ ಹೊಡೆದೆ? ನನಗೆ ನಾಚಿಕೆಯಾಯಿತು, ಸ್ವಲ್ಪ ಹೆದರಿಕೆಯೂ ಆಯಿತು.

ನಾನು ಸುಡಲೂ ಇಲ್ಲ, ತಲೆ ಬೋಳಿಸಲೂ ಇಲ್ಲ. ಹೆಂಡತಿ ಬಾಣಂತನಕ್ಕೆ ತವರಿಗೆ ಹೋದಳು. ಮಗಳು ಹುಟ್ಟಿದಳು, ಮೈಮೇಲೆ ಒಂದು ಕಲೆಯೂ ಇರಲಿಲ್ಲ. ಅವ್ವ ತನ್ನ ಹೆಡೆಯ ಮಾತನ್ನೇ ಮರೆತು, ಅದು ನೀರಹಾವೇ ಇದ್ದೀತು ಎಂದು ನೆಮ್ಮದಿ ಮಾಡಿಕೊಂಡಳು. ನಾನು ಕೂಸನ್ನು ನೋಡಲು ದೇವನಕೊಂಡಕ್ಕೆ ಹೋದೆ. ಸಂತೋಷ ತಡೆಯಲಾಗದೆ ನಗುತ್ತ ಎರಡೂ ಕೈ ಚಾಚಿದೆ. ಕೂಸನ್ನು ಕೊಡಲು ಮುಂದೆ ಬಂದ ಹೆಂಡತಿ ನನ್ನ ಮುಖ ನೋಡಿದವಳೇ ಅದನ್ನು ಎದೆಗವಚಿಕೊಂಡಳು. ಆಮೇಲೆ ಕೊಟ್ಟಳು.