ಸೂಜಿ ಹಾಕಿದ ನಾಯಿ ಬೊಗಳುತ್ತದೆಯೇ?

ಕಳೆದ ವಾರ ನ್ಯಾಮತಿಯಲ್ಲಿ ಬಸ್ಸಿಳಿದವಳ ಮೂಗಿಗೆ ಮೊದಲು ಬಡಿದದ್ದು ಆಯಿಲ್ ಪೇಂಟಿನ ವಾಸನೆ. ಹುಡುಕಿದರೆ, ಬೇಕರಿಯ ಮುಂದೆ ಮಲಗಿದ್ದ ನಾಯಿಯ ನೆತ್ತಿಯ ಮೇಲೆ ಇನ್ನೂ ಆರದ ನೀಲಿ ಗೀಟು. ಹುಚ್ಚುನಾಯಿ ರೋಗದ ಲಸಿಕೆ ಹಾಕಿದ್ದಕ್ಕೆ ಗುರುತು ಅದು. ಆ ನೀಲಿಯನ್ನು ನಾನು ಒಬ್ಬರ ಬೆರಳ ತುದಿಯಲ್ಲಿ ಕಂಡಿದ್ದೆ...

ಅವರು ಪಶು ಇಲಾಖೆಯ ಡಾಕ್ಟ್ರಮ್ಮ. ಜಗಳೂರಿನಿಂದ ನಮ್ಮ ಸೊಕ್ಕೆಗೆ ಸ್ಕೂಟರಿನಲ್ಲಿ ಬರುತ್ತಿದ್ದರು. ಕಾಲ ಬಳಿ ಲಸಿಕೆಯ ಐಸ್ ಡಬ್ಬಿ, ಹಿಂದೆ ಕಟ್ಟಿದ ಮೈಕು. ನಾನಾಗ ಪಿಯುಸಿ, ಚರ್ಚಾಸ್ಪರ್ಧೆಯ ಕಪ್ಪು ಗೆದ್ದ ಅಮಲು ಇನ್ನೂ ಇಳಿದಿರಲಿಲ್ಲ. ಅವ್ವ ಸಾರಿಗೆ ಉಪ್ಪು ಸಾಕು ಎಂದರೂ ಆಧಾರ ಕೇಳುತ್ತಿದ್ದೆ.

ಆ ಬೇಸಿಗೆ ಪಕ್ಕದ ಹಳ್ಳಿಯಲ್ಲಿ ಹುಚ್ಚುನಾಯಿಯೊಂದು ಮಕ್ಕಳನ್ನು ಕಚ್ಚಿತ್ತು. ಆ ರೋಗ ನಮ್ಮೂರಿನ ನಾಯಿಗಳಿಗೂ ಹಬ್ಬುವ ಮೊದಲೇ ಸೂಜಿ ಹಾಕಬೇಕೆಂದು ಡಾಕ್ಟ್ರಮ್ಮನ ಹಟ. ಆದರೆ ಅವರು ಬರುವ ದಿನ ಊರಿನಲ್ಲಿ ಒಂದು ನಾಯಿಯೂ ಇರುತ್ತಿರಲಿಲ್ಲ. ಮೈಕಿನ ಸದ್ದು ಕೇಳಿದ್ದೇ ತಡ, ಕುರಿಯ ಜೊತೆ ನಾಯಿಗಳನ್ನೂ ಊರಾಚೆಯ ಹುಲ್ಲುಗಾವಲಿಗೆ ಅಟ್ಟಿಬಿಡುತ್ತಿದ್ದರು. ಕಾರಣವಿತ್ತು. ಹಿಂದೊಮ್ಮೆ ಸೂಜಿ ಹಾಕಿಸಿಕೊಂಡ ನಾಯಿ ಮುದುರಿ ಮಲಗಿದ್ದಾಗಲೇ ಪಕ್ಕದ ಮನೆ ದೊಡ್ಡಪ್ಪನ ಕುರಿ ರೊಪ್ಪಕ್ಕೆ ತೋಳ ನುಗ್ಗಿ ಮರಿಗಳನ್ನು ಎತ್ತಿಕೊಂಡು ಹೋಗಿತ್ತು. ಅಂದಿನಿಂದ ಊರಿಗೂರೇ ನಂಬಿತ್ತು: ಸೂಜಿ ಹಾಕಿದರೆ ನಾಯಿಯ ಗಂಟಲು ಕಟ್ಟುತ್ತದೆ. ಬೊಗಳದ ನಾಯಿ ಕುರಿಯವನಿಗೆ ಯಾತಕ್ಕೆ? ದೊಡ್ಡಪ್ಪ ಒಪ್ಪಿದರೆ ಎಲ್ಲರೂ ಒಪ್ಪುತ್ತಿದ್ದರು. ದೊಡ್ಡಪ್ಪ ಒಪ್ಪುತ್ತಿರಲಿಲ್ಲ.

ಒಂದು ಬೆಳಿಗ್ಗೆ ಶಾಲೆಯ ಮುಂದೆ ಸಭೆ ಸೇರಿತು. ಡಾಕ್ಟ್ರಮ್ಮ ಮಾತು ಮುಗಿಸುವುದನ್ನೇ ಕಾಯುತ್ತಿದ್ದ ನಾನು ಎದ್ದು ನಿಂತೆ.

"ಬೊಗಳುತ್ತೆ ಅನ್ನಾಕೆ ಆಧಾರ ಏನೈತೆ ಮೇಡಂ?"

ಜನ ಖುಷಿಯಾದರು. ಇವಳಿಗೆ ಮೈಕೇ ಬೇಡ ಎಂದು ಹಿಂದಿನಿಂದ ಯಾರೋ ನಕ್ಕರು. ಡಾಕ್ಟ್ರಮ್ಮ ಇಲಾಖೆಯ ಕರಪತ್ರ ಓದುತ್ತಾರೆ, ನಾನು ಸಾಲು ಸಾಲಾಗಿ ಹರಿದುಹಾಕುತ್ತೇನೆ ಎಂದು ನನ್ನ ಲೆಕ್ಕ. ಅವರು ಕರಪತ್ರ ಮಡಚಿಟ್ಟರು.

"ಒಂದೆರಡು ದಿನ ಮಂಕಾಗಬಹುದು. ದೊಡ್ಡಪ್ಪನ ನಾಯಿಗೂ ಹಂಗೇ ಆಗಿರಬೇಕು. ಅದನ್ನ ಮೊದ್ಲೇ ಹೇಳ್ದೆ ಹೋಗಿದ್ದು ನಮ್ಮೋರ ತಪ್ಪು. ಆದ್ರೆ ಗಂಟಲು ಕಟ್ಟಲ್ಲ. ಒಂದು ನಾಯಿ ತರ್ರಿ, ಸೂಜಿ ಹಾಕಿ ಅದು ಬೊಗಳೋ ತನಕ ಇಲ್ಲೇ ಕೂತಿರ್ತೀನಿ. ಬೊಗಳ್ದಿದ್ರೆ ನಿಮ್ಮೂರಲ್ಲಿ ಮತ್ತೆ ಸೂಜಿ ಮಾತೆತ್ತಲ್ಲ. ತೀರ್ಪು ಈ ಹುಡುಗೀದು."

ನಾನು ದಂಗಾದೆ. ಎದುರಾಳಿಯ ಒಂದು ಮಾತನ್ನೂ ಒಪ್ಪಿಕೊಳ್ಳಬಾರದು ಎಂದು ನನಗೆ ಕಲಿಸಿದ್ದರು. ಈಕೆ ನಮ್ಮ ಅರ್ಧ ವಾದವನ್ನು ನಗುನಗುತ್ತಾ ಒಪ್ಪಿ, ಉಳಿದರ್ಧಕ್ಕೆ ಇಡೀ ಊರನ್ನೇ ಪಣಕ್ಕಿಟ್ಟಿದ್ದರು! ದೊಡ್ಡಪ್ಪ ತನ್ನ ಕರಿನಾಯಿಯನ್ನೇ ತಂದ. ಯಾರೂ ಕಲ್ಲು ಹೊಡೆದು ಕೆಣಕಬಾರದು ಎಂಬ ಷರತ್ತೂ ಹಾಕಿದ.

ಸೂಜಿ ಹಾಕಿ, ನೆತ್ತಿಗೆ ನೀಲಿ ಬಳಿದದ್ದಾಯಿತು. ನಾಯಿ ಬೇವಿನ ನೆರಳಿಗೆ ಹೋಗಿ ಮಲಗಿತು. ಕ್ರಿಕೆಟ್ಟಿನ ಕೊನೆಯ ಓವರಿಗೆ ಸೇರಿದವರಂತೆ ಊರು ಸುತ್ತ ಕೂತಿತು. ಬೆಕ್ಕು ಹಾದುಹೋಯಿತು, ನಾಯಿ ಒಂದೇ ಕಣ್ಣು ತೆರೆಯಿತು. ದಿನಾ ಬೆನ್ನಟ್ಟುವ ಜಗಳೂರು ಬಸ್ಸು ಬಂತು, ಕಿವಿಯಷ್ಟೇ ಅಲ್ಲಾಡಿತು. ಡಾಕ್ಟ್ರಮ್ಮ ಚಿತ್ರಾನ್ನದ ಡಬ್ಬಿ ತೆರೆದು ನನ್ನತ್ತ ಚಾಚಿದರು. ತೀರ್ಪುಗಾರ್ತಿ ತಿನ್ನುವಂತಿಲ್ಲ ಎಂದೆ. ಆಮೇಲೆ ತಿಂದೆ... ನಿಂಬೆಹುಳಿ ಜಾಸ್ತಿಯಿತ್ತು.

"ಹೋತು ಬಿಡ್ರಿ ಗಂಟಲು," ಎಂದ ದೊಡ್ಡಪ್ಪ, ಬಿಸಿಲು ಇಳಿಯುವ ಹೊತ್ತಿಗೆ. ಅವನ ದನಿಯಲ್ಲಿ ಗೆಲುವಿರಲಿಲ್ಲ. ಮತ್ತೆ ಕಾವಲಿಲ್ಲದ ರೊಪ್ಪ ಅವನ ಕಣ್ಣ ಮುಂದಿತ್ತು. ಡಾಕ್ಟ್ರಮ್ಮನ ಮುಖವೂ ಬಾಡಿತ್ತು. ಡಬ್ಬಿಯ ಐಸ್ ಕರಗುತ್ತಿತ್ತು. ಸೋಡಾ ಅಂಗಡಿಯಿಂದ ಐಸ್ ತರುತ್ತೇನೆಂದು ಹೇಳಿ ಎದ್ದು, ಸ್ಕೂಟರಿಗೆ ಕಿಕ್ ಹೊಡೆದರು.

ಅಷ್ಟೇ! ಕರಿನಾಯಿ ಚಿಮ್ಮಿ ಎದ್ದು, ಇಡೀ ದಿನದ ಬಾಕಿಯನ್ನು ಒಂದೇ ಉಸಿರಿಗೆ ಬೊಗಳುತ್ತಾ, ಅವರ ಸೆರಗು ಹಿಡಿಯಲು ಕೆರೆ ಏರಿಯವರೆಗೂ ಅಟ್ಟಿಕೊಂಡು ಹೋಯಿತು. ಊರು ಶಿಳ್ಳೆ ಹೊಡೆಯಿತು. ದೊಡ್ಡಪ್ಪ ನಗುತ್ತಾ, ಬೈಯುತ್ತಾ, ಪಂಚೆ ಎತ್ತಿಕೊಂಡು ಹಿಂದೆ ಓಡಿದ. "ನಿಂದ್ರಲೇ, ಡಾಕ್ಟ್ರಮ್ಮ ಕಣಲೇ ಅವ್ರು!"

ಎಲ್ಲರಿಗಿಂತ ಮುಂದೆ ಓಡಿದವಳು ನಾನು. ಏರಿಯ ಮೇಲೆ ಸ್ಕೂಟರು ನಿಲ್ಲಿಸಿದ್ದ ಡಾಕ್ಟ್ರಮ್ಮನ ಮುಂದೆ ಏದುಸಿರು ಬಿಡುತ್ತಾ ನಿಂತು, ಒಂದು ನಾಯಿ ಬೊಗಳಿದರೆ ಎಲ್ಲ ನಾಯಿಗೂ ಆಧಾರ ಆಗುವುದಿಲ್ಲ ಎಂದು ತೀರ್ಪು ಕೊಟ್ಟೆ.

"ಗೊತ್ತವ್ವಾ," ಎಂದರು ಅವರು, ನಗು ತಡೆಯಲಾಗದೆ. "ಅದಕ್ಕೇ ಉಳಿದವ್ನೂ ಹಿಡ್ಕಂಬಾ, ನೋಡಾಣ."

ಹಿಡಿದು ತಂದೆ. ರೊಪ್ಪಗಳ ಕಾವಲು ತಪ್ಪದಂತೆ ಅರ್ಧ ನಾಯಿಗಳಿಗೆ ಆ ವಾರ, ಉಳಿದವಕ್ಕೆ ಮುಂದಿನ ವಾರ. ಕೊನೆಯದಕ್ಕೆ ಗೀಟೆಳೆದ ನೀಲಿ ಬೆರಳಿನಿಂದ ನನ್ನ ಹಣೆಗೂ ಒಂದು ಬೊಟ್ಟಿಟ್ಟರು...

ಬೇಕರಿಯ ಮುಂದಿನಿಂದ ಆ ನೀಲಿಯ ಜಾಡು ಹಿಡಿದು ಹೋದರೆ, ನ್ಯಾಮತಿಯ ಪಶು ಆಸ್ಪತ್ರೆಯ ಅಂಗಳದಲ್ಲಿ ಲಸಿಕೆ ಶಿಬಿರ ನಡೆಯುತ್ತಿತ್ತು. ನಮ್ಮ ಡಾಕ್ಟ್ರಮ್ಮನ ಬಗ್ಗೆ ವಿಚಾರಿಸಿದೆ. ಹೋದ ವರ್ಷವೇ ಕಾಯಿಲೆಯಾಗಿ ತೀರಿಕೊಂಡರು ಎಂದರು ಅಲ್ಲಿನ ಎಳೆಯ ಡಾಕ್ಟರು. ಆ ಬೊಟ್ಟಿದ್ದ ಹಣೆ ಮುಟ್ಟಿಕೊಂಡೆ. ಅಷ್ಟರಲ್ಲಿ ಹಗ್ಗ ಕಟ್ಟಿದ ಕಂದುನಾಯಿಯೊಂದಿಗೆ ಬಂದವನೊಬ್ಬ, ಸೂಜಿ ಹಾಕಿದರೆ ಬೊಗಳುವುದಿಲ್ಲವಂತೆ, ಹೌದೇ ಎಂದು ಕೇಳಿದ. ಡಾಕ್ಟರು ಕರಪತ್ರಕ್ಕೆ ಕೈ ಹಾಕಿದರು.

"ಹಾಕಿಸ್ರಿ," ಎಂದೆ. "ಬೊಗಳೋ ತನಕ ನಾನು ಇಲ್ಲೇ ಕೂತಿರ್ತೀನಿ."

ನಾಯಿ ನೆರಳು ಹುಡುಕಿ ಮಲಗಿತು. ನಾನು ಹತ್ತಬೇಕಿದ್ದ ಹೊನ್ನಾಳಿ ಬಸ್ಸು ಹೊರಟುಹೋಯಿತು. ಊಟದ ಹೊತ್ತು ಮೀರಿತ್ತು; ಪಕ್ಕದಲ್ಲಿ ಡಬ್ಬಿ ತೆರೆದು ನನ್ನತ್ತ ಚಾಚುವವರು ಯಾರೂ ಇರಲಿಲ್ಲ.