ಒಂದು ಟ್ಯೂಬ್ ಸಿಕ್ಕಿದೆಯಂತೆ

ನನ್ನ ಬಳಿ ಒಂದು ಹಳೆಯ ಪ್ರೊಸೆಸರ್ ಇತ್ತು. ಬಿಳಿ ಸೆರಾಮಿಕ್ ಮೈ, ನಡುವೆ ಹೆಬ್ಬೆರಳಿನ ಉಗುರಿನಷ್ಟು ಚಿನ್ನದ ಲೇಪದ ಮುಚ್ಚಳ, ಎರಡೂ ಬದಿ ಸೇರಿ ನಲವತ್ತು ಕಾಲು. ಮನೆಗೆ ತಂದ ದಿನ ನನ್ನ ಹೆಂಡತಿ ಮೂಗು ಮುರಿದಿದ್ದಳು. "ರೀ, ಜರಿಹುಳ ಇದ್ದಂಗಿದೆ. ಇದನ್ನ ದೇವರ ಗೂಡಲ್ಲಿ ಇಡ್ತೀರಾ?" ನಾನು ಇಟ್ಟೆ. ಗೂಡಿನ ಕೆಳಗಿನ ಡ್ರಾಯರಿನಲ್ಲಿ, ಅವಳ ಓಲೆಯ ಖಾಲಿ ಡಬ್ಬಿಯೊಳಗೆ, ಹತ್ತಿಯ ಮೇಲೆ ಅದು ವರ್ಷಗಟ್ಟಲೆ ಮಲಗಿತ್ತು. ಈಗ ಇಲ್ಲ. ಹೇಗೆ ಹೋಯಿತು ಎಂದು ಬರೆಯಲು ಕೂತರೆ ಇವತ್ತಿಗೂ ಮೈ ಉರಿಯುತ್ತದೆ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಯಂತ್ರಗಳ ಕಂಟ್ರೋಲ್ ಬೋರ್ಡು ರಿಪೇರಿ ಮಾಡುವ ಬೆಂಚಿಗೆ ನಾನು ಸೇರಿದಾಗ ಐಟಿಐ ಮುಗಿಸಿ ಎರಡು ತಿಂಗಳಾಗಿತ್ತಷ್ಟೆ. ಆ ಬೆಂಚಿನ ಹಿರಿಯರನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸೋಲ್ಡರಿಂಗ್ ಐರನ್ ಹಿಡಿಯುವುದರಿಂದ ಹಿಡಿದು ಕ್ಯಾಂಟೀನಿನಲ್ಲಿ ಎರಡನೇ ಸಲ ಸಾರು ಹಾಕಿಸಿಕೊಳ್ಳುವುದರ ತನಕ ಎಲ್ಲವನ್ನೂ ಕಲಿಸಿದ್ದು ಅವರೇ. ಒಂದು ದೊಡ್ಡ ಲೇಥಿನ ಕ್ಯಾಬಿನೆಟ್ ಬಾಗಿಲು ತೆಗೆದು, ಒಳಗಿದ್ದ ಆ ಬಿಳಿ ಪ್ರೊಸೆಸರನ್ನು ತೋರಿಸಿ, "ಇದೇ ಕಣೋ ಮಷಿನ್ನಿನ ಮಿದುಳು. ಮಿಕ್ಕಿದ್ದೆಲ್ಲ ಕೈಕಾಲು" ಎಂದಿದ್ದರು.

ನಾನು ಆ ಮಾತನ್ನು ಹಾಗೆಯೇ ನಂಬಿದೆ. ಅದೇ ವರ್ಷದ ಆಯುಧಪೂಜೆಗೆ ಅರಿಶಿನ ಕುಂಕುಮದ ಬಟ್ಟಲು ನನ್ನ ಕೈಗೆ ಬಂತು. "ಎಲ್ಲದಕ್ಕೂ ಹಚ್ಚು, ಒಂದೂ ಬಿಡಬೇಡ" ಎಂದರು ಅಣ್ಣ. ಸ್ಪ್ಯಾನರಿಗೆ, ವೈಸಿಗೆ, ಗುಡಿಸುವ ಯಂತ್ರಕ್ಕೂ ಹಚ್ಚಿದೆ. ಆಮೇಲೆ ಲೇಥಿನ ಮುಂದೆ ನಿಂತಾಗ ಅನ್ನಿಸಿತು, ಹೊರಗಿನ ಕಬ್ಬಿಣಕ್ಕೆ ಹಚ್ಚಿ ಮಿದುಳಿಗೆ ಹಚ್ಚದಿದ್ದರೆ ಅದೆಂಥ ಪೂಜೆ? ಕ್ಯಾಬಿನೆಟ್ ತೆಗೆದು, ನೀರಿನಲ್ಲಿ ಕಲಸಿದ ಅರಿಶಿನವನ್ನು ಹೆಬ್ಬೆರಳಿನಿಂದ ಆ ಬಿಳಿ ಮೈಗೆ ಒತ್ತಿಬಿಟ್ಟೆ. ತಲೆಗೆ ಠಕ್ಕೆಂದು ಮೊಟಕು ಬಿತ್ತು. "ಲೇ ಪೆದ್ದ! ಐಸಿಗೆ ಯಾರಾದ್ರೂ ಅರಿಶಿನ ಹಚ್ತಾರೇನೋ? ಸುಟ್ಟೋದ್ರೆ ನಿಮ್ಮಪ್ಪ ಕೊಡ್ತಾನಾ?" ಅಣ್ಣ ಒರೆಸಿದರು, ಸ್ಪಿರಿಟ್ ಹಾಕಿ ಉಜ್ಜಿದರು. ಸೆರಾಮಿಕ್ ಅರಿಶಿನ ಕುಡಿದುಬಿಟ್ಟಿತ್ತು. ಮುಚ್ಚಳದ ಪಕ್ಕದಲ್ಲಿ ನನ್ನ ಹೆಬ್ಬೆರಳಿನ ಅರ್ಧ ಅಚ್ಚು ಹಳದಿಯಾಗಿ ಉಳಿಯಿತು. ಯಂತ್ರಕ್ಕೆ ಏನೂ ಆಗಲಿಲ್ಲ, ಇನ್ನೂ ಹತ್ತು ವರ್ಷ ದುಡಿಯಿತು. ಬೆಂಚಿನವರು ಮಾತ್ರ ಪ್ರತಿ ಆಯುಧಪೂಜೆಗೂ ನನ್ನ ಕೈಗೆ ಬಟ್ಟಲು ಕೊಡುವಾಗ ನಗುತ್ತಿದ್ದರು.

ಲೇಥು ಗುಜರಿಗೆ ಹೋಗುವ ದಿನ ಅಣ್ಣ ಮಾಲೀಕರನ್ನು ಕೇಳಿ, ಆ ಪ್ರೊಸೆಸರನ್ನು ಕಿತ್ತು ನನ್ನ ಅಂಗೈಗೆ ಹಾಕಿದರು. "ತಗೋ, ನಿನ್ನ ಅರಿಶಿನದ ಐಸಿ." ನಮ್ಮಿಬ್ಬರ ಹುಚ್ಚು ಶುರುವಾದದ್ದು ಅಲ್ಲಿಂದ. ಭಾನುವಾರ ಬಂತೆಂದರೆ ಗುಜರಿ ಅಂಗಡಿಗಳಲ್ಲಿ ಇಬ್ಬರೂ ಕುಕ್ಕರಗಾಲಲ್ಲಿ ಕೂತು ಹಳೇ ಬೋರ್ಡು ಕೆದಕುತ್ತಿದ್ದೆವು. ಆಗ ಅವು ಕಿಲೋ ಲೆಕ್ಕ. ಚಿನ್ನದ ತಲೆಯವನ್ನು ಅಂಗಡಿಯವರು ಬೇರೆ ಇಡುತ್ತಿದ್ದರು, ಕರಗಿಸಿ ಚೂರು ಚಿನ್ನ ತೆಗೆಯುವವರಿಗಾಗಿ. ಕೈಗೆ ಸಿಕ್ಕಷ್ಟನ್ನು ನಾವು ಬಿಡಿಸಿಕೊಂಡು ತರುತ್ತಿದ್ದೆವು. ಆದರೆ ಹಾಗೆ ಕರಗಿ ಹೋದದ್ದಕ್ಕೇ ಉಳಿದವು ಅಪರೂಪವಾದವು ಎಂಬುದು ಬಹಳ ತಡವಾಗಿ ತಿಳಿಯಿತು. ಎರಡು ಟೀಗೆ ಸಿಗುತ್ತಿದ್ದದ್ದಕ್ಕೆ ಕ್ರಮೇಣ ಒಂದು ತಿಂಗಳ ಮನೆ ಬಾಡಿಗೆಯ ಬೆಲೆ ಬಂತು. ಒಂದೇ ನಂಬರಿನ ಪ್ರೊಸೆಸರ್, ಒಳಗೆ ಒಂದೇ ಬುದ್ಧಿ. ಕಪ್ಪು ಪ್ಲಾಸ್ಟಿಕ್ಕಿನದಾದರೆ ಕೇಳುವವರಿಲ್ಲ, ಬಿಳಿ ಮೈ ಚಿನ್ನದ ಮುಚ್ಚಳದ್ದಾದರೆ ವಿದೇಶದ ಸಂಗ್ರಹಕಾರರಿಂದ ಮೆಸೇಜು.

ಈ ವ್ಯಾಪಾರದಲ್ಲಿ ಬೆಲೆಗೆ ಕಾಲಿಲ್ಲ, ಕಿವಿಯಿದೆ. ಹೊಸ ಪ್ರೊಸೆಸರ್‌ಗಳು ಬರುತ್ತಿದ್ದದ್ದು ಉದ್ದನೆಯ ಪ್ಲಾಸ್ಟಿಕ್ ಟ್ಯೂಬುಗಳಲ್ಲಿ, ಸಾಲಾಗಿ. ಯಾವುದೋ ಊರಿನ ಗೋಡೌನಿನಲ್ಲಿ ಯಾರೂ ಮುಟ್ಟದ ಒಂದು ಟ್ಯೂಬು ಸಿಕ್ಕಿತು ಅಂದರೆ ಸಾಕು, ಅಪರೂಪದ್ದೆಲ್ಲ ಅವತ್ತೇ ಅಗ್ಗ. ಯಾರೂ ಕಣ್ಣಾರೆ ಕಂಡಿರುವುದಿಲ್ಲ. ಸಿಕ್ಕಿದೆಯಂತೆ. ಬೆಲೆ ಬೀಳುತ್ತದಂತೆ. ನಾವೆಲ್ಲ ಆ 'ಅಂತೆ'ಯನ್ನು ನಂಬಿಯೇ ಕೊಂಡೆವು, ಮಾರಿದೆವು.

ನನ್ನದಕ್ಕೆ ಒಂದು ಕಾಲಕ್ಕೆ ಹೊಸ ಸ್ಕೂಟರಿನ ಬೆಲೆ ಇತ್ತು. ಹೆಂಡತಿ ಗಾರ್ಮೆಂಟ್ಸಿಗೆ ಎರಡು ಬಸ್ಸು ಬದಲಿಸಿ ಹೋಗುತ್ತಾಳೆ. "ಇದನ್ನ ಮಾರಿದ ದಿನ ನಿಂಗೆ ಹೊಸ ಸ್ಕೂಟರು" ಎಂದು ಮಾತು ಕೊಟ್ಟಿದ್ದೆ. ಕೊಟ್ಟೆನೇ ಹೊರತು ಮಾರಲು ಮನಸ್ಸೇ ಬರುತ್ತಿರಲಿಲ್ಲ. ಅಣ್ಣನಿಗೆ ಈ ಎರಡೂ ಗೊತ್ತಿತ್ತು.

ಅಷ್ಟರಲ್ಲಿ ಅವರು ನಿವೃತ್ತರಾಗಿ ವೈಟ್‌ಫೀಲ್ಡಿನ ಮಗಳ ಮನೆಯ ಹತ್ತಿರವೇ ಫ್ಲ್ಯಾಟು ಮಾಡಿಕೊಂಡಿದ್ದರು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಫೋನು ಬಂತು. "ಮಗಾ, ಕೆಟ್ಟ ಸುದ್ದಿ ಕಣೋ. ನಿಂದೇ ನಂಬರು, ಬಿಳೀದೇ, ಚೆನ್ನೈ ಕಡೆ ಒಂದು ಟ್ಯೂಬ್ ಸಿಕ್ಕಿದೆಯಂತೆ. ಸುದ್ದಿ ಹಬ್ಬೋಕೆ ಮುಂಚೆ ಕೊಟ್ಬಿಡು. ನನ್ ಹತ್ರ ಒಬ್ಬ ಪಾರ್ಟಿ ಇದಾನೆ."

"ಎಷ್ಟು ಕೊಡ್ತಾನಣ್ಣ?"

"ಅರಿಶಿನದ ಕಲೆ ಬೇರೆ ಇದೆಯಲ್ಲೋ. ಕಲೆ ಇರೋದನ್ನ ಯಾರು ಮುಟ್ತಾರೆ? ಅರ್ಧ ಬಂದ್ರೆ ನಿನ್ ಪುಣ್ಯ."

ಬೇರೆ ಯಾರೇ ಹೇಳಿದ್ದರೂ ಹತ್ತು ಕಡೆ ವಿಚಾರಿಸುತ್ತಿದ್ದೆ. ಹೇಳಿದ್ದು ಅಣ್ಣ. ಮಾರನೇ ದಿನವೇ ಅವರೇ ಪೀಣ್ಯಕ್ಕೆ ಬಂದು ಡಬ್ಬಿಯ ಸಮೇತ ತೆಗೆದುಕೊಂಡು ಹೋದರು. ಬಂದ ಹಣಕ್ಕೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್ ಸ್ಕೂಟರು. ಅದು ಸಿಗ್ನಲ್ ಸಿಗ್ನಲಿಗೂ ನಿಂತುಬಿಡುತ್ತದೆ. ನನ್ನವಳು ಕಿಕ್ ಹೊಡೆಯುತ್ತ, "ಏನ್ರೀ, ನಿಮ್ಮ ಜರಿಹುಳಕ್ಕೆ ನಲವತ್ತು ಕಾಲಿದ್ರೂ ಓಡಲ್ವಲ್ಲ" ಎನ್ನುತ್ತಿದ್ದಳು. ಅವಳು ನಕ್ಕಾಗಲೆಲ್ಲ ನನಗೆ ಹೊಸ ಸ್ಕೂಟರಿನ ನೆನಪಾಗಿ ನಾಚಿಕೆಯಾಗುತ್ತಿತ್ತು. ಆದರೂ ಬೀಳುವ ಬೆಲೆಯಿಂದ ಅಣ್ಣ ಉಳಿಸಿದರಲ್ಲ ಎಂದು ಅವರಿಗೆ ಒಂದು ಕಿಲೋ ಮೈಸೂರು ಪಾಕನ್ನೂ ಒಯ್ದು ಕೊಟ್ಟಿದ್ದೆ. ಮೈಸೂರು ಪಾಕು!

ಕಳೆದ ನವರಾತ್ರಿಯ ಭಾನುವಾರ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಬೊಂಬೆ ಕೂರಿಸಿದ್ದೇವೆ ಬನ್ನಿ ಎಂದು ಕರೆದರು. ಹೆಂಡತಿಗೆ ಗಾರ್ಮೆಂಟ್ಸಿನಲ್ಲಿ ಓವರ್‌ಟೈಮ್ ಇತ್ತು, ನಾನೊಬ್ಬನೇ ಮೆಟ್ರೋ ಹತ್ತಿ ಹೋದೆ. ಹಾಲಿನಲ್ಲಿ ಏಳು ಮೆಟ್ಟಿಲು. ಮೇಲೆ ಪಟ್ಟದ ಬೊಂಬೆ, ಕೆಳಗೆ ಶೆಟ್ಟಿ ಶೆಟ್ಟಮ್ಮ, ದಸರಾ ಮೆರವಣಿಗೆ. ಕೊನೆಯ ಮೆಟ್ಟಿಲಿನ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಅಣ್ಣನ ಪ್ರೊಸೆಸರ್‌ಗಳು. ನನಗೆ ಖುಷಿಯಾಯಿತು, ಬಗ್ಗಿ ನೋಡಿದೆ. ಮಧ್ಯದಲ್ಲಿ ಕೆಂಪು ಮಖಮಲ್ಲಿನ ಮೇಲೆ ಬಿಳಿ ಮೈ, ಚಿನ್ನದ ಮುಚ್ಚಳ. ಮುಚ್ಚಳದ ಪಕ್ಕದಲ್ಲಿ ಅರ್ಧ ಹೆಬ್ಬೆರಳಿನ ಹಳದಿ ಅಚ್ಚು.

ನನ್ನದೇ ಅಚ್ಚು. ಪಕ್ಕದ ಫ್ಲ್ಯಾಟಿನವರೊಬ್ಬರು ಅದನ್ನೇ ಮೊಬೈಲಿನಲ್ಲಿ ತೆಗೆಯುತ್ತ ಕಲೆ ಏನೆಂದು ಕೇಳಿದರು. ಅಣ್ಣನಿಗೆ ನಾನು ಬಂದದ್ದು ಇನ್ನೂ ಕಂಡಿರಲಿಲ್ಲ.

"ಅದೇ ಸಾರ್ ಇದರ ಸ್ಪೆಷಲ್ಲು" ಎಂದರು ಅಣ್ಣ. "ಆಯುಧಪೂಜೆ ಮಾಡಿಸ್ಕೊಂಡಿರೋ ಪ್ರೊಸೆಸರ್ರು ಪ್ರಪಂಚದಲ್ಲಿ ಇದೊಂದೇ. ಜರ್ಮನಿಯವನೊಬ್ಬ ಈ ಕಲೆಗೋಸ್ಕರಾನೇ ಮೂರು ಪಟ್ಟು ಕೊಡ್ತೀನಿ ಅಂತಿದಾನೆ. ನಾನು ಹೊಸದಾಗಿ ಕೆಲಸಕ್ಕೆ ಸೇರ್ದಾಗ, ಮಷಿನ್ನಿನ ಮಿದುಳು ಅಂದ್ರಲ್ಲ ಅಂತ, ಪೆದ್ದುಪೆದ್ದಾಗಿ ನಾನೇ ಹಚ್ಚಿಬಿಟ್ಟಿದ್ದೆ."

ವಸ್ತು ಹೋಗಿತ್ತು, ಹೊಸ ಸ್ಕೂಟರಿನ ಮಾತು ಹೋಗಿತ್ತು, ಅದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ನನ್ನ ಪೆದ್ದುತನವನ್ನೂ ಬಿಡದೆ ಎತ್ತಿಕೊಂಡಿದ್ದರು. ಹಿಂದಿನಿಂದಲೇ ಕೇಳಿದೆ.

"ಹಂಗಾದ್ರೆ ಅವತ್ತು ಮೊಟಕಿದ್ದು ಯಾರಣ್ಣ?"

ಅವರು ತಿರುಗಿದರು. ಮುಖ ಒಂದು ಕ್ಷಣ ಕಪ್ಪಿಟ್ಟಿತು, ಆಮೇಲೆ ನಗು ಬಂತು. "ಓ, ಬಾರೋ ಬಾರೋ. ಲೇ, ಇವನಿಗೆ ಕೋಸಂಬರಿ ಕೊಡೇ."

"ಆ ಟ್ಯೂಬಲ್ಲಿ ಸಿಕ್ಕಿದ ಮಿಕ್ಕಿದ್ದೆಲ್ಲ ಎಲ್ಲಣ್ಣ?"

"ಯಾವ ಟ್ಯೂಬೋ?" ಎಂದರು.

ನಾಟಕ ಆಡಲಿಲ್ಲ ಅವರು. ನಿಜವಾಗಿ ಮರೆತಿದ್ದರು. ಇಷ್ಟು ದಿನ ನಾನು ಹೊತ್ತು ತಿರುಗಿದ ಸುಳ್ಳು, ಅದನ್ನು ಹೇಳಿದವರಿಗೇ ನೆನಪಿರಲಿಲ್ಲ. ಅತ್ತಿಗೆ ಕೋಸಂಬರಿ ದೊನ್ನೆ ಹಿಡಿದು ಬಂದು, "ಇಡೀ ದೇಶಕ್ಕೆ ಇದೊಂದೇ ಅಂತೆ ಕಣ್ರೀ" ಎಂದು ಹೆಮ್ಮೆಯಿಂದ ಹೇಳಿದರು. ಪಾಪ, ಅವರಿಗೇನೂ ಗೊತ್ತಿರಲಿಲ್ಲ. ದೊನ್ನೆಯನ್ನು ಕೊನೆಯ ಮೆಟ್ಟಿಲ ಮೇಲೆ, ಆ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟು ಬಂದುಬಿಟ್ಟೆ. ಅಣ್ಣ ಲಿಫ್ಟಿನ ತನಕವೂ ಬರಲಿಲ್ಲ.

ಸಂಜೆ ಪೀಣ್ಯ ಮೆಟ್ರೋ ಸ್ಟೇಷನ್ನಿನ ಕೆಳಗೆ ಹೆಂಡತಿ ಸ್ಕೂಟರು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ನನ್ನ ಮುಖ ನೋಡಿದವಳೇ ಏನಾಯಿತು ಎಂದಳು. ಎಲ್ಲ ಹೇಳಿದೆ, ಚೆನ್ನೈಯಲ್ಲಿ ಯಾವ ಟ್ಯೂಬೂ ಸಿಕ್ಕಿರಲಿಲ್ಲ ಎಂಬುದನ್ನು ಕೊನೆಗೆ ಹೇಳಿದೆ. ಅವಳು ಕಿಕ್ ಮೇಲಿದ್ದ ಕಾಲನ್ನು ತೆಗೆದಳು.

"ಟ್ಯೂಬೇ ಇರ್ಲಿಲ್ವಂತಾ?"

"ಅಂತೆ ಅಲ್ಲ ಕಣೆ" ಎಂದೆ. "ಇರ್ಲಿಲ್ಲ."